ಸ್ವಸಂತೋಷದಿಂದ ಬರೆದುಕೊಟ್ಟ ಕರಾರು

ಹೋದ ತಿಂಗಳು ನಾನು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಹುಬ್ಬಳ್ಳಿಯ ಒಂದು ನರ್ಸಿಂಗ್ ಹೋಮಿಗೆ ಹೋದೆ. ರೋಗಿಯಾಗಿ ಅಲ್ಲ, ಸಾಕ್ಷಿಯಾಗಿ. (ಗಾಬರಿ ಬೇಡ, ಕೊಲೆ ನಡೆದಿಲ್ಲ.)

ನನ್ನ ಅಕ್ಕನ ಮಗಳು ನಿರ್ಮಲಾ ನರ್ಸಿಂಗ್ ಪಾಸಾಗಿ ಅಲ್ಲಿ ಕೆಲಸ ಗಿಟ್ಟಿಸಿದ್ದಳು. ಕರಾರು ಪತ್ರಕ್ಕೆ ಹಿರಿಯರೊಬ್ಬರ ಸಹಿ ಬೇಕಂತೆ. ಗೋಪನಕೊಪ್ಪದ ನಮ್ಮ ಓಣಿಯಲ್ಲಿ ಹಿರಿಯ ಎಂದರೆ ಯಾರು? ಇನ್ನೂ ಶಾಯಿ ಪೆನ್ನು ಇಟ್ಟುಕೊಂಡವನು. ಹೀಗಾಗಿ ಆ ಗೌರವ ನನಗೆ.

ಆಸ್ಪತ್ರೆಯ ಮಾಲೀಕರಾದ ಡಾಕ್ಟರ್ ಚಹಾ ತರಿಸಿದರು. ನಿರ್ಮಲಾ ನಮ್ಮ ಮನೆ ಮಗಳಿದ್ದಂತೆ ಎಂದರು. ಸ್ಟ್ಯಾಂಪ್ ಪೇಪರ್ ಸರಿಸಿ, ಇಲ್ಲೊಂದು ಸಹಿ ಎಂದರು. ಆದರೆ ನನ್ನ ಮೂಲ ಉಪ್ಪಿನಬೆಟಗೇರಿ. ನಮ್ಮ ಮನೆತನದಲ್ಲಿ ಎತ್ತು ಮಾರಿದ ಕಾಗದವನ್ನೂ ನಾಲ್ಕು ಜನಕ್ಕೆ ಕೇಳುವಂತೆ ಓದದೆ ಯಾರೂ ಸಾಕ್ಷಿ ಹಾಕಿದ್ದಿಲ್ಲ. ಎದ್ದು ನಿಂತೆ. ಗಂಟಲು ಸರಿಪಡಿಸಿಕೊಂಡೆ. ಪಂಚಾಂಗ ಓದುವ ಗಾಂಭೀರ್ಯದಲ್ಲಿ ಶುರು ಮಾಡಿದೆ.

ಮೂರು ವರ್ಷ ಬಿಟ್ಟು ಹೋಗುವಂತಿಲ್ಲ. ಹೋದರೆ 'ತರಬೇತಿ ವೆಚ್ಚ' ಕಟ್ಟಬೇಕು. ಅಲ್ಲಿಯವರೆಗೆ ಮೂಲ ಮಾರ್ಕ್ಸ್ ಕಾರ್ಡುಗಳು ಆಸ್ಪತ್ರೆಯ ಕಪಾಟಿನಲ್ಲಿ. (ನೋಡಿ ಕೊಡುತ್ತೇವೆಂದು ಮೊದಲೇ ಇಸಿದುಕೊಂಡಿದ್ದರು.) ಮದುವೆಯಾಗುವುದಿದ್ದರೆ ಅನುಮತಿ ಪಡೆಯಬೇಕು. ಕೊನೆಗೆ, ಇದನ್ನೆಲ್ಲ ಸ್ವಸಂತೋಷದಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟಿದ್ದೇನೆ.

ಓದುತ್ತ ಓದುತ್ತ ನನ್ನ ದನಿ ಸಣ್ಣದಾಯಿತು. ಜೀತಪದ್ಧತಿಯನ್ನು ಕಾನೂನು ನಿಷೇಧಿಸಿದೆ ಎಂದು ಮಕ್ಕಳಿಗೆ ಪಾಠ ಹೇಳಿ ಪಿಂಚಣಿ ಉಣ್ಣುತ್ತಿರುವ ಮಾಸ್ತರ ನಾನು. ಅದೇ ಜೀತ ಸ್ನಾನ ಮಾಡಿ, ಸ್ಟ್ಯಾಂಪ್ ಪೇಪರ್ ಉಟ್ಟುಕೊಂಡು, ಚಹಾ ಕುಡಿಸಿ ಸಹಿ ಕೇಳುತ್ತದೆಂದು ಸಿಲಬಸ್ಸಿನಲ್ಲಿ ಇರಲಿಲ್ಲ.

ಇದೆಲ್ಲ ಬರೀ ಫಾರ್ಮಾಲಿಟಿ, ಇಲ್ಲಿನ ಹುಡುಗಿಯರೆಲ್ಲ ಮಾಡಿದ್ದಾರೆ ಎಂದರು ಡಾಕ್ಟರ್. ನನ್ನ ಪೆನ್ನಿನ ಟೊಪ್ಪಿಗೆ ಆಗಲೇ ತೆಗೆದಾಗಿತ್ತು. ಅಕ್ಕ ಓಣಿಗೆಲ್ಲ ಪೇಢೆ ಹಂಚಿಯಾಗಿತ್ತು. ಈಗೇನು ಮಾಡುವುದು?

ನಿರ್ಮಲಾ ಸಮಾಧಾನದಿಂದ ಹೇಳಿದಳು: "ಸರ, ಸ್ವಸಂತೋಷದಿಂದ ಅಂತ ಬರದೀರಿ. ನನಗ ಸಂತೋಷ ಆಗವಲ್ದರಿ. ಸುಳ್ಳು ಬರಕೊಡಾಕ ಬರೂದಿಲ್ಲ. ನನ್ನ ಮಾರ್ಕ್ಸ್ ಕಾರ್ಡ್ ಕೊಡ್ರಿ."

ಡಾಕ್ಟರ್ ನನ್ನ ಕಡೆ ತಿರುಗಿದರು. "ಮಾಸ್ತರ, ನೀವರ ತಿಳಿಸಿ ಹೇಳ್ರಿ."

"ಆಕೀನ ತಿಳಿಸಿ ಹೇಳಿದಳಲ್ರಿ," ಎಂದು ಪೆನ್ನಿಗೆ ಟೊಪ್ಪಿಗೆ ಹಾಕಿದೆ.

ಈಗವಳು ಬೈರಿದೇವರಕೊಪ್ಪದ ಸಣ್ಣ ಕ್ಲಿನಿಕ್ಕಿನಲ್ಲಿದ್ದಾಳೆ. ಪಗಾರ ಕಡಿಮೆ. ಮಾರ್ಕ್ಸ್ ಕಾರ್ಡು ಅಕ್ಕನ ಟ್ರಂಕಿನಲ್ಲಿ. ನಾನಂತೂ ಎದೆ ಉಬ್ಬಿಸಿಕೊಂಡು ತಿರುಗುತ್ತಿದ್ದೇನೆ. ಅವಳು ನನ್ನ ಅಕ್ಕನ ಮಗಳು ಎಂದು ಕೇಳದವರಿಗೂ ಹೇಳುತ್ತೇನೆ. ಇದೀಗ ನಿಮಗೂ ಹೇಳಿದೆ.

ಒಂದೇ ಕಿರಿಕಿರಿ. ಅವಳ ಫೈಲು ತೆಗೆಯಲು ಡಾಕ್ಟರ್ ಕಪಾಟು ತೆರೆದಾಗ ಮೇಲಿನಿಂದ ಕೆಳಗಿನವರೆಗೆ ಫೈಲುಗಳೇ ಕಂಡವು. ಅಷ್ಟು ಹುಡುಗಿಯರ ಸ್ವಸಂತೋಷಕ್ಕೆ ಸಹಿ ಹಾಕಿದ ಹಿರಿಯರಲ್ಲಿ ಒಬ್ಬರಾದರೂ ಅದನ್ನು ಗಟ್ಟಿಯಾಗಿ ಓದಿದ್ದರೇ?