ಬಂದರಿನ ಪಾರ್ಟಿ

ಮೂರು ದೊಡ್ಡ ಕಂಪೆನಿಗಳಲ್ಲಿ ದುಡಿದವನು ನಾನು. ಮೂರರಲ್ಲೂ ಸೇರಿದ ದಿನ ಕೇಳಿದ್ದು ಒಂದೇ ಮಾತು: ಇದು ಕಂಪೆನಿಯಲ್ಲ, ಕುಟುಂಬ. ಸ್ವಂತ ಕುಟುಂಬ ಇರುವ ಯಾರೂ ಈ ಮಾತಿಗೆ ಅಷ್ಟು ಸುಲಭದಲ್ಲಿ ಖುಷಿಪಡುವುದಿಲ್ಲ. ಕಂಪೆನಿ ಒಳ್ಳೆಯದೋ ಕೆಟ್ಟದ್ದೋ ಎಂದು ಅಳೆಯಲು ಬೇರೆಯವರಿಗೆ ಸಂಬಳ, ಬಡ್ತಿ, ಕ್ಯಾಂಟೀನಿನ ಮೀನುಸಾರು ಇರಬಹುದು. ನನ್ನದು ಒಂದೇ ಅಳತೆ. ಶುಕ್ರವಾರ ಮಧ್ಯಾಹ್ನ ಬಿಡುತ್ತಾರೋ ಇಲ್ಲವೋ?

ಜುಮಾ ನಮಾಜು ಒಬ್ಬನೇ ಕೂತು ಮಾಡುವಂಥದ್ದಲ್ಲ. ಮಸೀದಿಗೆ ಹೋಗಿ ನಾಲ್ಕು ಜನರ ಜೊತೆ ಸಾಲಿನಲ್ಲಿ ನಿಲ್ಲಬೇಕು. ಹಾಗೆಂದು ನಾನೇನೂ ಮಹಾ ಭಕ್ತನಲ್ಲ. ನನಗೆ ಜುಮಾ ಅಂದರೆ ಬಾಪ. ಬಂದರಿನಲ್ಲಿ ಅಕ್ಕಿ ಬೆಲ್ಲದ ಅಂಗಡಿ ಇಟ್ಟಿದ್ದ ನನ್ನ ತಂದೆ ವಾರವಿಡೀ ಗಿರಾಕಿಗಳ ಜೊತೆ ಮಾತಾಡಿ ಮನೆಗೆ ಬರುವಾಗ ಮಾತೆಲ್ಲ ಖರ್ಚು ಮಾಡಿಕೊಂಡೇ ಬರುತ್ತಿದ್ದರು. ಶುಕ್ರವಾರ ನನ್ನ ಸ್ಕೂಟರಿನ ಹಿಂದೆ ಕೂತಾಗ ಮಾತ್ರ ಅವರಿಗೆ ಬಾಯಿ ಬರುತ್ತಿತ್ತು. ಉಮ್ಮನ ಕಾಯಿಲೆ, ನನಗೆ ಹುಡುಗಿ ನೋಡಿದ್ದು, ಅಂಗಡಿ ಮುಚ್ಚುವ ಯೋಚನೆ, ಇದನ್ನೆಲ್ಲ ನಾನು ಮೊದಲು ಕೇಳಿದ್ದು ಬೆನ್ನ ಹಿಂದಿನಿಂದ, ಹೆಲ್ಮೆಟ್ಟಿನ ಒಳಗೆ.

ಮೊದಲ ಕಂಪೆನಿ ಪಂಪ್‌ವೆಲ್ ಹತ್ತಿರದ ಒಂದು ಹಳೆಯ ಸಾಲದ ಸಂಸ್ಥೆ. ಅಲ್ಲಿ ಎಲ್ಲರೂ ಸರ್. ನಮ್ಮ ಸರ್, ಅವರ ಮೇಲಿನ ದೊಡ್ಡ ಸರ್, ಫೋನಿನಲ್ಲಿ ಮಾತ್ರ ಇರುವ ಹೆಡ್ ಆಫೀಸ್ ಸರ್. ಚಹಾ ಸಹ ದರ್ಜೆ ನೋಡಿಕೊಂಡು ಬರುತ್ತಿತ್ತು, ಅವರಿಗೆ ಕಪ್ ಸಾಸರಿನಲ್ಲಿ, ನಮಗೆ ಗ್ಲಾಸಿನಲ್ಲಿ. ನಿಯಮಗಳ ಪುಸ್ತಕದಲ್ಲಿ ಶುಕ್ರವಾರದ ಬಗ್ಗೆ ಒಂದಕ್ಷರ ಇರಲಿಲ್ಲ. ಸೇರಿದ ಮೊದಲ ಶುಕ್ರವಾರ ಮಧ್ಯಾಹ್ನ ನಾನು ಗಡಿಯಾರ ನೋಡುತ್ತಾ ಚಡಪಡಿಸುತ್ತಿದ್ದೆ. ಕೇಳುವ ಧೈರ್ಯ ಇರಲಿಲ್ಲ.

ಮ್ಯಾನೇಜರ್ ತುಳು ಮಾತಾಡುವ ಹಿರಿಯರು, ಸಿಡುಕು ಸ್ವಭಾವ. ಇದ್ದಕ್ಕಿದ್ದಂತೆ ಅವರು ಇಡೀ ಆಫೀಸಿಗೆ ಕೇಳುವ ಹಾಗೆ ನನ್ನ ಮೇಲೆ ಗದರಿದರು. “ಆ ಬಂದರಿನ ಪಾರ್ಟಿದು ಎಂತ ಆಯ್ತು ಮಾರಾಯ್ರೆ? ಇಲ್ಲಿ ಕೂತ್ರೆ ಆಗ್ತದಾ? ಹೋಗಿ ನೋಡಿಕೊಂಡು ಬನ್ನಿ.”

ನನಗೆ ಬಂದರಿನಲ್ಲಿ ಯಾವ ಪಾರ್ಟಿಯೂ ಗೊತ್ತಿರಲಿಲ್ಲ. ಸಾಲ ತೆಗೆದುಕೊಂಡ ಗಿರಾಕಿಗೆ ಅಲ್ಲಿ ಪಾರ್ಟಿ ಎನ್ನುತ್ತಾರೆ ಎಂಬುದೇ ಆಗಷ್ಟೇ ತಿಳಿದಿತ್ತು. ಕಕ್ಕಾಬಿಕ್ಕಿಯಾಗಿ ನಿಂತಿದ್ದಾಗ ಅವರು ಹತ್ತಿರ ಬಂದು ತುಳುವಿನಲ್ಲಿ ಮೆಲ್ಲಗೆ “ಬೇಗ ಪೋಲೆ” ಎಂದರು, ಬೇಗ ಹೋಗಿ ಎಂದು. ಅಲ್ಲಿಂದ ಮುಂದೆ ನಾನಿದ್ದಷ್ಟು ವರ್ಷ ಪ್ರತಿ ಶುಕ್ರವಾರ ಅದೇ ಬೈಗುಳ, ಅದೇ ಪಾರ್ಟಿ. ಹುಟ್ಟದೆಯೇ ಇದ್ದ ಆ ಗಿರಾಕಿಯಷ್ಟು ಒಳ್ಳೆಯ ಗಿರಾಕಿ ನಮಗೆ ಇನ್ನೊಬ್ಬರಿರಲಿಲ್ಲ. ಒಂದು ದಿನವೂ ದೂರು ಹೇಳಿದವರಲ್ಲ. ಹೆಡ್ ಆಫೀಸಿನಿಂದ ಬಂದ ಇನ್‌ಸ್ಪೆಕ್ಟರ್ ಒಮ್ಮೆ ನನ್ನ ಬೆನ್ನು ತಟ್ಟಿ, ಬಿಸಿಲಲ್ಲಿ ಹೀಗೆ ಓಡಾಡುವವರು ಈಗ ಎಲ್ಲಿದ್ದಾರೆ ಎಂದು ಹೊಗಳಿದರು. ಮ್ಯಾನೇಜರ್ ಮುಖ ಕಲ್ಲಿನ ಹಾಗಿತ್ತು. ಊರಲ್ಲಿ ರಾತ್ರಿಯಿಡೀ ಭೂತಕೋಲ ನೋಡಿ ಬೆಳಗು ಮಾಡಿದ ಮರುದಿನ ಅವರ ಕುರ್ಚಿ ಖಾಲಿ ಇರುತ್ತಿತ್ತು. ಮೇಲಿನಿಂದ ಫೋನ್ ಬಂದರೆ, “ಸರ್ ಬಂದರಿನ ಪಾರ್ಟಿಯಲ್ಲಿಗೆ ಹೋಗಿದ್ದಾರೆ” ಎನ್ನುವುದು ನನ್ನ ಕೆಲಸ. ಈ ವಿಷಯ ನಾವಿಬ್ಬರೂ ಒಮ್ಮೆಯೂ ಬಾಯಿಬಿಟ್ಟು ಮಾತಾಡಿದ್ದಿಲ್ಲ.

ಮದುವೆಯಾದ ಮೇಲೆ ದುಬೈ. ದೊಡ್ಡ ವ್ಯಾಪಾರಿ ಕಂಪೆನಿ, ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಜುಮಾಕ್ಕೆ ಅಲ್ಲಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಹೋಗದಿದ್ದರೆ ಯಾಕೆ ಎಂದು ಕೇಳುತ್ತಿದ್ದರು. ಮಸೀದಿಯಲ್ಲಿ ಏಸಿ, ಕಾಲಿಗೆ ಮೆತ್ತನೆಯ ಕಾರ್ಪೆಟ್. ಪಕ್ಕದಲ್ಲಿ ಬಾಪ ಇರಲಿಲ್ಲ, ಅಷ್ಟೇ. ಫಳ್ನೀರಿನ ಆಸ್ಪತ್ರೆಯಲ್ಲಿ ಅವರ ಹೃದಯದ ಆಪರೇಷನ್ ಆದಾಗ ರಜೆ ಕೇಳಿದೆ. ವರ್ಷಾಂತ್ಯದ ಲೆಕ್ಕ ಮುಗಿಯಲಿ ಎಂದರು, ದುವಾ ಮಾಡುತ್ತೇವೆ ಎಂದೂ ಹೇಳಿದರು. ಆಪರೇಷನ್ ಥಿಯೇಟರಿನ ಬಾಗಿಲನ್ನು ನಾನು ಮೊಬೈಲಿನಲ್ಲಿ ನೋಡಿದೆ. ನನಗೆ ಎಷ್ಟು ಸಿಟ್ಟು ಬಂದಿತ್ತೆಂದರೆ, ಆ ವರ್ಷದ ಲೆಕ್ಕ ಮುಗಿಸಿ ಕೊಟ್ಟ ದಿನವೇ ರಾಜೀನಾಮೆಯನ್ನೂ ಕೊಟ್ಟೆ.

ಈಗಿನ ಕಂಪೆನಿ ಕೂಳೂರು ಸೇತುವೆಯ ಆಚೆ, ಹೆದ್ದಾರಿ ಬದಿಯ ಗಾಜಿನ ಕಟ್ಟಡದಲ್ಲಿ. ಊರಿನ ಗಿರಾಕಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಇಲ್ಲಿ ಸರ್ ಎಂದರೆ ಅಪರಾಧ. ವಿದೇಶದಲ್ಲಿರುವ ಮುಖ್ಯಸ್ಥರನ್ನೂ ಹೆಸರು ಹಿಡಿದು ಕರೆಯಬೇಕು. ಗೋಡೆಯ ಮೇಲೆ “ನೀವು ನೀವಾಗಿಯೇ ಬನ್ನಿ” ಎಂಬ ಪೋಸ್ಟರ್. ಅದರಲ್ಲಿ ನಗುತ್ತಿರುವ ಐದಾರು ಮುಖಗಳಲ್ಲಿ ಒಂದು ನನ್ನದು. ನಮ್ಮ ವಿಭಾಗದಲ್ಲಿ ಬ್ಯಾರಿ ಮುಸಲ್ಮಾನ ನಾನೊಬ್ಬನೇ. ಹಾಗಾಗಿ ಸೇರಿದ ವಾರವೇ ಫೋಟೋ ತೆಗೆದು, ಎಲ್ಲರನ್ನೂ ಒಳಗೊಳ್ಳುವ ಸಮಿತಿಗೆ ನನ್ನನ್ನು ಹಾಕಿದರು. ಸಮಿತಿಯ ಸಭೆ ಪ್ರತಿ ಶುಕ್ರವಾರ, ಮಧ್ಯಾಹ್ನ ಒಂದು ಗಂಟೆಗೆ.

ಆಪರೇಷನ್ ಆದ ಮೇಲೆ ಬಾಪನನ್ನು ಜನಸಂದಣಿಗೆ ಒಬ್ಬರನ್ನೇ ಬಿಡುವ ಹಾಗಿರಲಿಲ್ಲ. ನಾನು ಕರೆದುಕೊಂಡು ಹೋದರೆ ಜುಮಾ, ಇಲ್ಲದಿದ್ದರೆ ಇಲ್ಲ. ನನಗಿಂತ ಚಿಕ್ಕವಳಾದ, ಒಳ್ಳೆಯ ಮನಸ್ಸಿನ ಮ್ಯಾನೇಜರ್ ಹತ್ತಿರ ವಿಷಯ ಹೇಳಿದೆ. ಅವಳಿಗೆ ನಿಜವಾಗಿಯೂ ಬೇಸರವಾಯಿತು. “ಅಯ್ಯೋ, ಇದು ತುಂಬಾ ಮುಖ್ಯ ವಿಷಯ ಅಲ್ವಾ? ನೀವು ಇದನ್ನು ಸಮಿತಿಯಲ್ಲಿ ಹೇಳ್ಲೇಬೇಕು” ಎಂದಳು.

ಶುಕ್ರವಾರಕ್ಕೆ ಬಿಡುವು ಕೇಳಲು ಶುಕ್ರವಾರ ಹೋಗಿ ಕೂತೆ. ಮೊದಲ ಸಭೆಯಲ್ಲಿ ನನ್ನ ಸರದಿ ಬರುವ ಮೊದಲೇ ಸಮಯ ಮುಗಿಯಿತು. ಇನ್ನೊಂದು ಸಭೆಯಲ್ಲಿ ಎಲ್ಲರೂ ಕಣ್ಣರಳಿಸಿ ಕೇಳಿ, ಹೇಳಿಕೊಂಡಿದ್ದಕ್ಕೆ ಧನ್ಯವಾದ ಅರ್ಪಿಸಿದರು. ಆಮೇಲೆ ಒಂದು ಉಪಸಮಿತಿ ಆಯಿತು. ಕೊನೆಗೆ ಮೂರನೇ ಮಹಡಿಯಲ್ಲಿ ಪ್ರಾರ್ಥನೆಗೆಂದು ಒಂದು ರೂಮೇ ಸಿದ್ಧವಾಯಿತು. ರಿಬ್ಬನ್ ಕತ್ತರಿಸಿದವನು ನಾನೇ. ಚಾಪೆ ಚೆನ್ನಾಗಿತ್ತು, ದೀಪ ಮಂದವಾಗಿತ್ತು, ಕದ ಹಾಕಿದರೆ ಸದ್ದೇ ಇರಲಿಲ್ಲ. ಸಭೆ ಮಾತ್ರ ಇದ್ದ ಹೊತ್ತಿಗೇ ಉಳಿಯಿತು, ವಿದೇಶದ ಮುಖ್ಯಸ್ಥರಿಗೆ ಆ ಹೊತ್ತೇ ಅನುಕೂಲ.

ಮನೆಯಲ್ಲಿ ಬಾಪನಿಗೆ ಹೇಳಿದೆ. ಅವರು ಬ್ಯಾರಿ ಭಾಷೆಯಲ್ಲಿ ಕೇಳಿದರು, “ಆ ರೂಮಿಗೆ ನಾನೂ ಬರಬಹುದಾ?”

ಮುಂದಿನ ಶುಕ್ರವಾರ ಅವರು ಜುಮಾದ ಬಿಳಿ ಅಂಗಿ ಹಾಕಲಿಲ್ಲ. ಮೊಣಕಾಲು ನೋವು, ಮೆಟ್ಟಿಲು ಹತ್ತಲಿಕ್ಕೆ ಆಗುವುದಿಲ್ಲ, ಮನೆಯಲ್ಲೇ ನಮಾಜು ಮಾಡುತ್ತೇನೆ, ನೀನು ತಲೆಬಿಸಿ ಮಾಡಬೇಡ ಎಂದರು. ಹಾಗೇ ಮಳೆಗಾಲ ಕಳೆಯಿತು. ಸ್ಕೂಟರಿನ ಸವಾರಿ ಇಲ್ಲದೆ ಅವರ ಮಾತೂ ನಿಂತಿತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ಒಂದು ಸೋಮವಾರ ಕಂಪೆನಿಯ ಎಲ್ಲರಿಗೂ ಕಾಣುವ ಕ್ಯಾಲೆಂಡರಿನಲ್ಲಿ, ಪ್ರತಿ ಶುಕ್ರವಾರ ಹನ್ನೆರಡೂವರೆಯಿಂದ ಎರಡರವರೆಗೆ, “ಕ್ಲೈಂಟ್ ಭೇಟಿ, ಬಂದರು” ಎಂದು ಬರೆದೆ. ಅರ್ಧ ಗಂಟೆಯಲ್ಲಿ ಮ್ಯಾನೇಜರ್ ಬಂದಳು. “ಕ್ಲೈಂಟ್ ಉಂಟು ಅಂತ ಮೊದಲೇ ಹೇಳ್ಬಾರ್ದಾ? ಕ್ಲೈಂಟಿಗಿಂತ ಹೆಚ್ಚು ಎಂತ ಉಂಟು? ಸಮಿತಿ ಸಭೆ ಗುರುವಾರಕ್ಕೆ ಹಾಕಿಸಿದ್ದೇನೆ.” ದೇವರಿಗಾಗಿ ಅಲ್ಲಾಡದ ಸಭೆ ಗಿರಾಕಿಗಾಗಿ ಒಂದು ಚಹಾ ಕುಡಿಯುವುದರೊಳಗೆ ಅಲ್ಲಾಡಿತು. ಯಾವ ಕ್ಲೈಂಟ್ ಎಂದು ಇವತ್ತಿನವರೆಗೆ ಯಾರೂ ಕೇಳಿಲ್ಲ.

ಆ ಶುಕ್ರವಾರ ಮೊಣಕಾಲಿನ ಚಿಂತೆಯಲ್ಲೇ ಮನೆಗೆ ಹೋದರೆ ಬಾಪ ಬಿಳಿ ಅಂಗಿ ತೊಟ್ಟು, ಟೊಪ್ಪಿ ಇಟ್ಟು, ನನಗಿಂತ ಮೊದಲೇ ಮೆಟ್ಟಿಲಿಳಿದು ಕೆಳಗೆ ನಿಂತಿದ್ದರು. ನಮಾಜು ಮುಗಿದ ಮೇಲೆ ಪರಿಚಯದವರೊಬ್ಬರು ಮಗನಿಗೆ ಕೆಲಸ ಹುಡುಕುತ್ತಿದ್ದೇನೆ ಎಂದಾಗ ಎದೆ ಸೆಟೆದು ಹೇಳಿದರು, “ಇವನ ಕಂಪೆನಿಗೆ ಹಾಕಿ. ಒಳ್ಳೆಯವರು. ಜುಮಾಕ್ಕೆ ಬಿಡ್ತಾರೆ.”

ಸ್ಕೂಟರಿನಲ್ಲಿ ಮಾತು ಶುರುವಾಯಿತು. ಪಂಪ್‌ವೆಲ್‌ನ ಆ ಮ್ಯಾನೇಜರ್ ಇದ್ದರಲ್ಲ, ಇವರೂ ಅವರ ಹಾಗೆಯೇ, ನಿನಗೆ ಎಲ್ಲಿ ಹೋದರೂ ಒಳ್ಳೆಯವರೇ ಸಿಗುತ್ತಾರೆ ಎಂದರು. ಅಲ್ಲಿ ನನಗಾಗಿ ಸುಳ್ಳು ಹೇಳಲು ಒಬ್ಬರಿದ್ದರು, ಇಲ್ಲಿ ನಾನೇ ಹೇಳಿಕೊಳ್ಳಬೇಕು ಎಂದು ಅವರಿಗೆ ಹೇಗೆ ಹೇಳಲಿ? ಮಾತು ತಪ್ಪಿಸಲು, ಮೊಣಕಾಲು ಈಗ ಹೇಗುಂಟು ಬಾಪ ಎಂದು ಕೇಳಿದೆ.

“ಯಾವ ಮೊಣಕಾಲು?” ಎಂದರು ಅವರು.