ಕನ್ನಡಕದವರ ನೀಲಿ ಕಾರು

ನಮ್ಮ ಕೆಳಗಿನ ಮನೆಯವರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇರಲೇಬೇಕು, ಆದರೆ ಬೀದಿಯಲ್ಲಿ ಯಾರೂ ಅದನ್ನು ಬಳಸಿದ್ದು ನಾನು ಕೇಳಿಲ್ಲ. ಎಲ್ಲರಿಗೂ ಅವರು ಕನ್ನಡಕದವರು. ಮೂವತ್ತೆಂಟು ವರ್ಷ ಒಂದೇ ಕನ್ನಡಕದಂಗಡಿಯ ಹಿಂದಿನ ಕೋಣೆಯಲ್ಲಿ ಕೂತು ಗಾಜು ಉಜ್ಜಿದವರು. ಮುಂದಿನ ಕೋಣೆಯಲ್ಲಿ ಗಿರಾಕಿಗಳು ಕನ್ನಡಿ ಮುಂದೆ ಮುಖ ತಿರುಗಿಸುತ್ತಾ ಫ್ರೇಮು ಆರಿಸುತ್ತಿದ್ದರೆ, ಇವರು ಹಿಂದೆ ಅವರವರ ಕಣ್ಣಿಗೆ ತಕ್ಕ ಗಾಜು ತೇಯುತ್ತಿದ್ದರು. ನನ್ನ ಕನ್ನಡಕವೂ ಅವರ ಕೈಯಿಂದಲೇ ಬಂದದ್ದು. ನಾನು ಮಹಡಿ ಮೇಲಿನವಳು, ನಿವೃತ್ತ ಲೆಕ್ಕದ ಟೀಚರ್. ನನ್ನ ಬಾಯಿ ಜೋರು ಎನ್ನುವವರಿದ್ದಾರೆ. ಅರವತ್ತು ಮಕ್ಕಳ ತರಗತಿಯಲ್ಲಿ ಪಿಸುಮಾತಿನಲ್ಲಿ ಭಿನ್ನರಾಶಿ ಕಲಿಸಿದವರು ಯಾರಾದರೂ ಇದ್ದರೆ ಅವರು ಬಂದು ಹೇಳಲಿ, ಕೇಳುತ್ತೇನೆ.

ಆ ಮನೆಯಲ್ಲಿ ಮೊದಲು ಮೂರು ಜನರಿದ್ದರು. ಕನ್ನಡಕದವರು, ಅವರ ಮಗ, ಸೊಸೆ. ಹೆಂಡತಿ ಎಂದೋ ತೀರಿಕೊಂಡಿದ್ದರು. ಮಗ ಔಷಧಿ ಮಾರುವ ಕೆಲಸದಲ್ಲಿ ಊರೂರು ಸುತ್ತಿ, ಕಡುನೀಲಿ ಬಣ್ಣದ ಒಂದು ಕಾರು ಕೊಂಡ. ಕೊಂಡ ಮರುವರ್ಷವೇ ಒಂದು ಬೆಳಗ್ಗೆ ಬೂಟಿನ ದಾರ ಕಟ್ಟಲು ಬಗ್ಗಿದವನು ಮತ್ತೆ ಏಳಲಿಲ್ಲ. ಮೂವತ್ನಾಲ್ಕು ವಯಸ್ಸು. ಹೃದಯ ಎಂದರು ಡಾಕ್ಟರು. ಆ ದಿನದ ಬಗ್ಗೆ ಇಷ್ಟು ಸಾಕು.

ಆಮೇಲೆ ಎರಡು ವರ್ಷ ಮಾವ ಸೊಸೆ ಇಬ್ಬರೇ ಇದ್ದರು. ಅವಳಿಗೆ ಹೆತ್ತವರಿಲ್ಲ, ಚಿಕ್ಕಮ್ಮನ ಮನೆಯಲ್ಲಿ ಬೆಳೆದವಳು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ. ಸಂಜೆ ಅವಳು ಬರುವ ಹೊತ್ತಿಗೆ ಇವರು ಅನ್ನಕ್ಕಿಡುತ್ತಿದ್ದರು, ಅವಳು ಬಂದು ತರಕಾರಿ ಹೆಚ್ಚುತ್ತಿದ್ದಳು, ಇಬ್ಬರೂ ಹೆಚ್ಚು ಮಾತಾಡದೆ ಊಟ ಮಾಡುತ್ತಿದ್ದರು. ಅವಳು ಮತ್ತೆ ಮದುವೆಯಾಗಬೇಕು ಎಂದು ಹಟ ಹಿಡಿದವರು ಇವರೇ. ಸೊಸೆಗೆ ಗಂಡು ಹುಡುಕಿದ ಮಾವ ಎಂದರೆ ನಾನು ಕಂಡದ್ದು ಇವರೊಬ್ಬರನ್ನೇ. ಹುಡುಕಿದರು, ರಿಜಿಸ್ಟರ್ ಕಚೇರಿಯಲ್ಲಿ ಸಾಕ್ಷಿ ಸಹಿ ಹಾಕಿದರು, ಅವಳ ಎರಡು ಸೂಟ್‌ಕೇಸು ಟ್ಯಾಕ್ಸಿಗೆ ಎತ್ತಿ ಇಟ್ಟರು. ಮನೆಗೆ ಬಂದು ಅಭ್ಯಾಸಬಲದಿಂದ ಇಬ್ಬರಿಗಾಗುವಷ್ಟು ಅಕ್ಕಿ ತೊಳೆದರು. ಅರ್ಧ ಅನ್ನ ಮಹಡಿ ಹತ್ತಿ ನನಗೆ ಬಂತು, ಅದಕ್ಕೇ ಗೊತ್ತು.

ನಮ್ಮಲ್ಲಿ ಸಂಬಂಧಗಳಿಗೆ ಹೆಸರಿನ ಬರವಿಲ್ಲ. ಭಾವ, ಮೈದುನ, ನಾದಿನಿ, ಓರಗಿತ್ತಿ, ಷಡ್ಡಕ, ಬೀಗರು, ಯಾರನ್ನೂ ಬಿಟ್ಟಿಲ್ಲ. ಮಗ ಹೋದ ಮೇಲೆ ಇನ್ನೊಂದು ಮನೆಗೆ ಹೋದ ಸೊಸೆ ಏನಾಗಬೇಕು ಎಂಬುದಕ್ಕೆ ಮಾತ್ರ ಹೆಸರಿಲ್ಲ. ಹೆಸರಿಲ್ಲದ ಮೇಲೆ ಹಕ್ಕೂ ಇಲ್ಲ. ಬಾ ಎನ್ನಲು ಇವರಿಗೆ ಬಾಯಿಲ್ಲ, ಬರಲು ಅವಳಿಗೆ ನೆಪವಿಲ್ಲ. ಉಳಿದಿದ್ದ ಒಂದೇ ನೆಪ ಆ ಕಾರು.

ಕಾರು ಈಗ ಅವಳ ಹೆಸರಿನಲ್ಲಿತ್ತು. ಅವಳು ಡ್ರೈವಿಂಗ್ ಕಲಿಯುತ್ತಿದ್ದಳು, ಲೈಸೆನ್ಸ್ ಬಂದ ಕೂಡಲೇ ತೆಗೆದುಕೊಂಡು ಹೋಗುವುದು ಎಂದು ಮಾತಾಗಿತ್ತು. ಆದರೆ ಎರಡು ವರ್ಷ ಅಂಗಳದ ಮರದ ಕೆಳಗೆ ಟಾರ್ಪಾಲು ಹೊದ್ದು ನಿಂತ ಕಾರು ಅದು. ಟಾರ್ಪಾಲಿನ ಹರಕಿನಿಂದ ಇಳಿದ ಮರದ ಅಂಟು ಕಲೆ ಕಲೆಯಾಗಿ ಕೂತಿತ್ತು, ಬಣ್ಣ ಮಂಕಾಗಿತ್ತು, ಚಕ್ರಗಳು ಬ್ರೇಕಿನ ಕರಿಪುಡಿಯಲ್ಲಿ ಅದ್ದಿ ತೆಗೆದಂತಿದ್ದವು. ಹೀಗೆ ಕೊಡಲಾರೆ, ಉಜ್ಜಿ ಕೊಡುತ್ತೇನೆ ಎಂದರು ಕನ್ನಡಕದವರು. ಸರಿ, ಭಾನುವಾರ ಬಂದು ನೋಡುತ್ತೇನೆ ಎಂದಳು ಅವಳು. ಹಾಗೆ ಶುರುವಾಯಿತು.

ಅವರ ಕೆಲಸ ನೋಡಲು ಚೆನ್ನ. ಎರಡು ಬಕೆಟ್ಟು, ಒಂದರಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಕೊಳೆ ಬಟ್ಟೆ ಅದ್ದಲು ಬರಿ ನೀರು. ಮೊದಲು ಚಕ್ರ, ಆಮೇಲೆ ಮೈ. ಚಕ್ರದ ಬಟ್ಟೆ ಮೈಗೆ ತಾಗಕೂಡದು, ಅದಕ್ಕೆ ಚಕ್ರದ್ದೆಲ್ಲ ಹಳದಿ, ಮೈಯದ್ದೆಲ್ಲ ಬಿಳಿ. ನಟ್ಟುಗಳ ಗುಳಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು. ಮಕ್ಕಳು ಆಡುವ ಜೇಡಿಯಂಥ ಒಂದು ಮೆತ್ತನೆಯ ಉಂಡೆಯಿಂದ ಬಣ್ಣಕ್ಕೆ ಕಚ್ಚಿದ ಧೂಳು ಎತ್ತುವುದು. ಆಮೇಲೆ ಪೇಸ್ಟು, ಆಮೇಲೆ ಮೇಣ. ನಡುನಡುವೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಅಂಗಡಿಯ ಭೂತಗನ್ನಡಿ ಹಾಕಿಕೊಂಡು ಕಾರಿನ ಬಾಗಿಲ ಹತ್ತಿರ ಮೂಗಿಟ್ಟು ನೋಡುವರು. ಬೀದಿಯವರು ನಗುತ್ತಿದ್ದರು. ಕಾರಿಗೆ ಕನ್ನಡಕದ ನಂಬರ್ ಎಷ್ಟು ಬಂತು ಎಂದು ಹಾಲಿನವನು ದಿನಾ ಕೇಳುತ್ತಿದ್ದ.

ಅವಳು ಭಾನುವಾರ ಹತ್ತಕ್ಕೆ ಸರಿಯಾಗಿ ಬರುತ್ತಿದ್ದಳು. ಎರಡು ಬಸ್ಸು ಬದಲಿಸಿ. ಬಂದು ಒಂದು ಬಟ್ಟೆ ಹಿಡಿದು ಅವರ ಜೊತೆ ಕೂರುತ್ತಿದ್ದಳು. ಒಮ್ಮೆ ಅಂಟಿನ ಕಲೆಯೊಂದನ್ನು ಉಗುರಿನಿಂದ ಕೆರೆಯಲು ಹೋದಾಗ ಅವರು ಅವಳ ಕೈ ತಡೆದರು.

"ಕೆರೀಬೇಡಮ್ಮ. ಒದ್ದೆ ಬಟ್ಟೆ ಹಾಕಿ ನೆನೆಯೋಕೆ ಬಿಡು. ಹತ್ತು ನಿಮಿಷ ಬಿಟ್ರೆ ತಾನೇ ಬರುತ್ತೆ."

ಹತ್ತು ನಿಮಿಷ ಇಬ್ಬರೂ ಆ ಒದ್ದೆ ಬಟ್ಟೆಯನ್ನೇ ನೋಡುತ್ತಾ ಕೂತರು. ನಾನು ಮೇಲಿನಿಂದ ನೋಡುತ್ತಿದ್ದೆ. ಅದೇ ಅವರ ಮಾತುಕತೆ.

ಒಂದೂವರೆ ತಿಂಗಳಲ್ಲಿ ಮುಗಿಯಬೇಕಾದ ಕೆಲಸ ಐದು ತಿಂಗಳಾದರೂ ಮುಗಿಯಲಿಲ್ಲ. ಅವಳಿಗೆ ಲೈಸೆನ್ಸ್ ಬಂತು. ಇವರಿಗೆ ಮಾತ್ರ ಪ್ರತಿ ಶನಿವಾರ ಭೂತಗನ್ನಡಿಯಲ್ಲಿ ಹೊಸ ಗೀರು ಕಾಣುತ್ತಿತ್ತು. ಎಡಬಾಗಿಲಲ್ಲಿ ಒಂದು, ಬಾನೆಟ್ಟಿನಲ್ಲಿ ಎರಡು. ಈ ಭಾನುವಾರ ಇದು, ಮುಂದಿನ ಭಾನುವಾರ ಅದು. ನನಗೆ ಲೆಕ್ಕ ಗೊತ್ತಾಗದೇ ಇರುತ್ತದೆಯೇ? ಒಂದು ದಿನ ಮೆಟ್ಟಿಲಿಳಿದು ಹೋಗಿ ಬೈದೆ. ಆ ಹುಡುಗಿ ಹೊಸ ಮನೆ, ಹೊಸ ಅತ್ತೆ, ಎಲ್ಲ ಬಿಟ್ಟು ವಾರಕ್ಕೊಮ್ಮೆ ಇಷ್ಟು ದೂರ ಬರುತ್ತಾಳೆ, ಅವಳ ಸಂಸಾರದಲ್ಲಿ ಯಾಕೆ ಹುಳಿ ಹಿಂಡುತ್ತೀರಿ, ಕೊಟ್ಟು ಕಳಿಸಿ ಎಂದೆ. ಅವರ ಮುಖ ಬಾಡಿತು. ಅಷ್ಟು ಗಡುಸಾಗಿ ಹೇಳಬಾರದಿತ್ತು ಎಂದು ಮೆಟ್ಟಿಲು ಹತ್ತುವಾಗಲೇ ಅನಿಸಿತು, ಆದರೆ ವಾಪಸು ಇಳಿಯಲಿಲ್ಲ.

ಅದೇ ವಾರ ಅವರು ಒಂದು ಬಫಿಂಗ್ ಮಷಿನ್ ತಂದರು. ತಿರುಗುವ ಪ್ಯಾಡಿನಿಂದ ಹೊಳಪು ತರುವಂಥದ್ದು. ಕನ್ನಡಕದಂಗಡಿಯಲ್ಲಿ ಜೀವಮಾನವೆಲ್ಲ ಇಂಥದ್ದೇ ಯಂತ್ರದ ಮುಂದೆ ಕೂತವರಿಗೆ ಕೈ ತಾನಾಗಿಯೇ ಓಡಿತು. ಅಲ್ಲೇ ತಪ್ಪಿದ್ದು. ಗಾಜು ದಪ್ಪ, ಎಷ್ಟು ಉಜ್ಜಿದರೂ ಒಳಗೆ ಗಾಜೇ. ಕಾರಿನ ಬಣ್ಣ ಕಾಗದದಷ್ಟು ತೆಳು, ಅದರಲ್ಲೂ ಬಾನೆಟ್ಟಿನ ಮಡಿಕೆಯ ಏಣಿನ ಮೇಲೆ ಇನ್ನೂ ತೆಳು. ಐದು ತಿಂಗಳಿಂದ ಉಜ್ಜಿಸಿಕೊಂಡು ಸವೆದಿದ್ದ ಏಣಿನ ಮೇಲೆ ಮಷಿನ್ ಎರಡು ಸುತ್ತು ಹೆಚ್ಚು ನಿಂತಿತು. ಬಿಳಿಯ ಪ್ಯಾಡಿಗೆ ನೀಲಿ ಹತ್ತಿತು. ಅವರು ಸ್ವಿಚ್ಚು ಆರಿಸಿ ಒರೆಸಿದಾಗ ನೀಲಿಯ ನಡುವೆ ಹೆಬ್ಬೆಟ್ಟಿನಗಲ ಬೂದು ಮಚ್ಚೆ ಕಂಡಿತು, ಬಣ್ಣದ ಅಡಿಯ ಅಸ್ತರು.

ಭಾನುವಾರ ಅವಳು ಬಂದಾಗ ಅವರು ಆ ಮಚ್ಚೆಯ ಮೇಲೆ ಬಿಳಿ ಬಟ್ಟೆ ಹಾಸಿ, ಅದರ ಮುಂದೆ ನಿಂತಿದ್ದರು. ಅರವತ್ತಾರು ವರ್ಷದ ಮನುಷ್ಯ, ಪೆನ್ಸಿಲು ಕದ್ದ ಹುಡುಗನ ಹಾಗೆ. ಅವಳು ಬಟ್ಟೆ ಎತ್ತಿದಳು. ಬೆರಳಿನಿಂದ ಮಚ್ಚೆಯನ್ನು ಸವರಿದಳು.

"ಮಾವ, ಸಾಕು," ಎಂದಳು. "ಇನ್ನು ಉಜ್ಜಿದ್ರೆ ಏನೂ ಉಳಿಯಲ್ಲ."

"ಇದು ಮುಗಿದ್ರೆ ನೀನು ಇಲ್ಲಿಗೆ ಯಾಕೆ ಬರ್ತೀಯ?"

ಅವರು ಜೋರಾಗಿ ಹೇಳಲಿಲ್ಲ, ಆದರೆ ಮಹಡಿಯ ಮೇಲಿದ್ದ ನನಗೂ ಕೇಳಿಸಿತು. ಅವಳು ಬರುತ್ತೇನೆ ಎನ್ನಲಿಲ್ಲ. ಸುಳ್ಳು ಹೇಳುವ ಹುಡುಗಿಯಲ್ಲ ಅವಳು. ಕಣ್ಣು ಒರೆಸಿಕೊಂಡು ಕೈ ಚಾಚಿದಳು, ಅವರು ಕೀಲಿ ಕೊಟ್ಟರು. ಹಿಂದಕ್ಕೆ ತೆಗೆಯುವಾಗ ಗೇಟಿನ ಕಂಬಕ್ಕೆ ತಾಗದಂತೆ ಇವರು ಕೈಸನ್ನೆ ಮಾಡುತ್ತಾ ಬೀದಿಯವರೆಗೂ ನಡೆದರು. ಕಾರು ತಿರುವು ದಾಟಿತು. ಬರ್ಲಿ, ಬರ್ಲಿ ಎನ್ನುತ್ತಿದ್ದ ಅವರ ಕೈ ಆಮೇಲೂ ಸ್ವಲ್ಪ ಹೊತ್ತು ಎತ್ತಿಯೇ ಇತ್ತು.

ಮುಂದಿನ ಭಾನುವಾರ ಯಾರೂ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಅಂಗಳದಲ್ಲಿ ಕಾರು ನಿಂತಿದ್ದಷ್ಟು ಜಾಗ ಮಾತ್ರ ಸುತ್ತಲಿಗಿಂತ ತಿಳಿಯಾಗಿತ್ತು, ಅದನ್ನು ತುಳಿಯದೆ ಅವರು ಬಳಸಿಕೊಂಡು ನಲ್ಲಿಗೆ ಹೋಗುತ್ತಿದ್ದರು. ಬಟ್ಟೆಗಳನ್ನೆಲ್ಲ ಒಗೆದರು, ಹಳದಿ ಒಂದು ಸಾಲು, ಬಿಳಿ ಒಂದು ಸಾಲು. ಒಣಗಿದ ಮೇಲೆ ಮಡಚಿಟ್ಟು, ಮರುವಾರ ಮತ್ತೆ ಒಗೆದರು. ಅದನ್ನು ನೋಡಲಾರದೆ ನಾನೇ ನನ್ನ ಸ್ಕೂಟರನ್ನು ತಳ್ಳಿಕೊಂಡು ಹೋಗಿ ಎದುರು ನಿಲ್ಲಿಸಿದೆ. ಹಾಳೂರಿಗೆ ಉಳಿದವನೇ ಗೌಡ ಎಂಬ ಹಾಗೆ, ಕಾರಿಲ್ಲದ ಅಂಗಳದಲ್ಲಿ ಇಪ್ಪತ್ತು ವರ್ಷದ ನನ್ನ ಸ್ಕೂಟರಿಗೆ ಗೌಡಿಕೆ ಬಂತು. ಅವರು ಉಜ್ಜಿದರು. ಆದರೆ ಭೂತಗನ್ನಡಿ ಹಾಕಿಕೊಳ್ಳಲಿಲ್ಲ. ತಪ್ಪು ಹುಡುಕುವ ಆಸೆಯೇ ಅವರಿಗೆ ಹೋಗಿತ್ತು. ನಾನು ಬೈದದ್ದು ನೆನಪಾಗಿ ನನಗೆ ನಾಚಿಕೆಯಾಯಿತು.

ಆರನೆಯ ಭಾನುವಾರ ಅವರು ಸ್ಕೂಟರಿನ ಚಕ್ರಕ್ಕೆ ಸೋಪು ಹಚ್ಚಿ ಕೂತಿದ್ದಾಗ ಕಿಟಕಿಯ ಮೇಲಿಟ್ಟಿದ್ದ ಅವರ ಫೋನು ರಿಂಗಾಯಿತು. ಅವರ ಮೊಣಕೈವರೆಗೂ ನೊರೆ. ನಾನೇ ಎತ್ತಿ, ಸ್ಪೀಕರ್ ಹಾಕಿ, ಅವರ ಕಿವಿಯ ಹತ್ತಿರ ಹಿಡಿದೆ.

"ಮಾವ, ಬಾನೆಟ್ ಮೇಲೆ ಹಕ್ಕಿ ಗಲೀಜು ಮಾಡಿದೆ. ಒಣಗಿಬಿಟ್ಟಿದೆ. ಏನ್ ಮಾಡ್ಲಿ?"

ಅವರು ನೊರೆಯ ಕೈ ಹಿಂದೆ ಹಿಡಿದು ಫೋನಿನ ಕಡೆ ಬಾಗಿದರು. ಆಮೇಲೆ ಹೇಳಿದರು, ಉಜ್ಜಬೇಡ, ಒದ್ದೆ ಬಟ್ಟೆ ಹಾಕು, ಹತ್ತು ನಿಮಿಷ ಬಿಡು. ನೀರು ಬಿಟ್ಟ ಸದ್ದು ಕೇಳಿಸಿತು, ಬಟ್ಟೆ ಹಿಂಡಿದ ಸದ್ದು. ಹಾಕಿದೆ ಎಂದಳು. ಬೂದು ಮಚ್ಚೆಗೆ ಬಣ್ಣ ಹಾಕಿಸಿದೆಯಾ ಎಂದು ಇವರು ಕೇಳಿದರು. ಇಲ್ಲ, ಅದು ಇರಲಿ ಎಂದಳು.

"ಸರಿ ಮಾವ, ಹತ್ತು ನಿಮಿಷ ಆಗೋವರೆಗೂ ಫೋನ್ ಇಡ್ಬೇಡಿ."

ಅವರು ಚಕ್ರದ ಪಕ್ಕದಲ್ಲೇ ನೆಲದ ಮೇಲೆ ಕೂತರು. ಅವಳೂ ಅಲ್ಲಿ ಎಲ್ಲೋ ಕೂತಿರಬೇಕು. ಆ ಕಡೆ ಬೀದಿಯ ಸದ್ದು, ಈ ಕಡೆ ನಲ್ಲಿ ತೊಟ್ಟಿಕ್ಕುವ ಸದ್ದು. ಸ್ವಲ್ಪ ಹೊತ್ತಿನಲ್ಲಿ ಒಬ್ಬ ಗಂಡಸಿನ ದನಿ, ಯಾರ ಫೋನು ಎಂದು ಕೇಳಿದ್ದು ಕೇಳಿಸಿತು. ಅವಳ ಗಂಡ ಇರಬೇಕು.

"ಮನೆಗೆ ಮಾಡಿದೀನಿ," ಎಂದಳು ಅವಳು. "ನಮ್ಮನೆಗೆ."

ಕನ್ನಡಕದವರು ನೊರೆ ಒಣಗುತ್ತಿದ್ದ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ತಲೆ ತಗ್ಗಿಸಿದರು. ಬಹಳ ಹೊತ್ತಿನ ಮೇಲೆ, ಮುಖ ಎತ್ತದೆ, ಟೀಚರ್, ಹತ್ತು ನಿಮಿಷ ಆಯ್ತಾ ನೋಡಿ ಎಂದರು.

ನಾನು ಕೈಗಡಿಯಾರ ನೋಡಿದೆ. ಹದಿನೇಳು ನಿಮಿಷವಾಗಿತ್ತು.

"ಇನ್ನೂ ಇಲ್ಲ," ಎಂದೆ.