ಗೋಡೆಯ ಮೇಲಿನ ಕಾಲುಸಂಕ

ನೆನಪಿನಿಂದ ಬರೆದ ಚಿತ್ರವನ್ನು ನಾನು ನಂಬುವುದಿಲ್ಲ, ನನ್ನದನ್ನಂತೂ ಇಲ್ಲವೇ ಇಲ್ಲ. ಹುಟ್ಟಿದ ಮನೆಯ ಬಾಗಿಲಿಗೆ ಚಿತ್ರಗಳಲ್ಲಿ ಇದುವರೆಗೆ ಮೂರು ಬಣ್ಣ ಹಚ್ಚಿದ್ದೇನೆ. ಮೂರೂ ಸಲ ಅದೇ ನಿಜವೆಂದು ಆಣೆ ಹಾಕಿದ್ದೇನೆ. ಅಂಥವನ ಕೈಗೆ ಬೈಂದೂರು ಕಡೆಯ ಪಂಚಾಯತಿಯೊಂದು ತನ್ನ ಕಂಪೌಂಡು ಗೋಡೆ ಕೊಟ್ಟು, ಜನ ಗ್ರಾಮಸಭೆಗೆ ಬರುವ ಹಾಗೆ ಏನಾದರೂ ಬರೆಯಿರಿ ಎಂದಿತು. ಆ ಊರನ್ನು ನಾನು ಅಲ್ಲಿಯವರೆಗೆ ಕಂಡವನೇ ಅಲ್ಲ. ಅಲ್ಲಿನ ಗ್ರಾಮಸಭೆಯಲ್ಲಿ ಜನರಿಗಿಂತ ಕುರ್ಚಿಗಳು ಹೆಚ್ಚಂತೆ.

ಎರಡು ಕೈ ಹಿಡಿದ ಭೂಗೋಳ, ಅದರ ನೆತ್ತಿಯ ಮೇಲೊಂದು ಸಸಿ. ಇದನ್ನು ಇನ್ನೊಮ್ಮೆ ಬರೆದರೆ ನನಗೇ ವಾಂತಿಯಾದೀತು. ಗೋಡೆಗೆ ಸುಣ್ಣ ಬಳಿದು, ಊರ ಹೊಳೆಯನ್ನಷ್ಟೇ ಎಳೆದು ಬ್ರಷ್ಷು ಕೆಳಗಿಟ್ಟೆ. ಊರಿನ ನಕ್ಷೆ ಊರವರೇ ಬರೆಯಲಿ. ಯಾರು ಏನನ್ನು ಬೇಕಾದರೂ ಬರೆಯಬಹುದು. ಅಳಿಸಬೇಕಾದರೆ ಮಾತ್ರ ಗ್ರಾಮಸಭೆಯಲ್ಲಿ ಕೈಯೆತ್ತಿಸಬೇಕು.

ಅಬ್ಬಾ, ಬರೆದರು! ಬಾವಿ ಮನೆಗಿಂತ ದೊಡ್ಡದಾಯಿತು. ಜಗಳವಿದ್ದವರು ಪಕ್ಕದ ಮನೆಯನ್ನು ಬರೆಯದೆಯೇ ಬಿಟ್ಟರು. ಹಿಂದಿನ ಕಾಲದ ನಕ್ಷೆಗಾರರು ಗೊತ್ತಿಲ್ಲದ ಸಮುದ್ರದಲ್ಲಿ ತಿಮಿಂಗಿಲ ಬರೆದು ಜಾಗ ತುಂಬಿಸುತ್ತಿದ್ದರಂತೆ. ನಮ್ಮವರು ಗುಡ್ಡೆಯಾಚೆಗೆ ಹುಲಿ ಬರೆದರು.

ಮೀನು ಮಾರುವ ಗಿರಿಜಕ್ಕ ಬುಟ್ಟಿ ಇಳಿಸಿ, "ಇಲ್ಲೊಂದ್ ಸಂಕ ಇದ್ದಿತ್ತ್" ಎಂದು ಹೊಳೆಗೆ ಅಡ್ಡ ಎರಡು ಗೆರೆ ಎಳೆದು ಹೋದರು. ಕಾಲುಸಂಕ, ನಡೆದು ದಾಟುವಷ್ಟೇ ಅಗಲದ ಕಿರುಸೇತುವೆ. ನಿಜವಾದ ಹೊಳೆಯಲ್ಲಿ ಈಗ ಅಂಥದ್ದಿಲ್ಲ. ಮಳೆಗಾಲವಿಡೀ ಅವರು ಆಚೆ ಕೇರಿಗೆ ಹೋಗಬೇಕಾದರೆ ಬುಟ್ಟಿ ಹೊತ್ತು ಹೆದ್ದಾರಿಯ ಸೇತುವೆಗೆ ಸುತ್ತಬೇಕು. ಅಷ್ಟರಲ್ಲಿ ಬೈಕಿನಲ್ಲಿ ಮೀನು ತರುವವನೊಬ್ಬ ಅಲ್ಲಿ ಮಾರಿ ಮುಗಿಸಿರುತ್ತಾನೆ.

ಗೆರೆ ಕಂಡು, ಹಿಂದೆ ಬಸ್ ಕಂಡಕ್ಟರಾಗಿದ್ದ ಸೀನಣ್ಣ ಕೆರಳಿದರು. "ಹ್ವಾಯ್, ಸಂಕ ಇದ್ದದ್ದ್ ಇಲ್ಲ್ ಅಲ್ಲ, ಇನ್ನೂ ಮೇಲ್ ಬದಿಗೆ. ನಾನ್ ಅದ್ರ ಮೇಲೇ ಶಾಲಿಗ್ ಹೋದ್ದ್!"

ಅಂಗಡಿಯ ಮಂಜಣ್ಣ ಬಿಟ್ಟಾರೆಯೇ? "ನೀನ್ ಶಾಲಿಗ್ ಹೋದ್ದ್ ಯಾವಾಗ ಮಾರಾಯಾ? ಅದ್ ಇದ್ದದ್ದ್ ಕೆಳಗ್. ನಮ್ಮನಿ ದನವೂ ಅದ್ರಲ್ಲೇ ದಾಟ್ತಿತ್ತ್."

ಮೇಲೊಂದು, ಕೆಳಗೊಂದು, ನಡುವೆ ಗಿರಿಜಕ್ಕನದು. ಒಂದೇ ಹೊಳೆಗೆ ಮೂರು ಸಂಕವಾಯಿತು.

ಗ್ರಾಮಸಭೆಯ ದಿನ ಕುರ್ಚಿ ಸಾಲಲಿಲ್ಲ. ಎರಡು ಸಂಕ ಅಳಿಸಬೇಕಿತ್ತು. ಯಾವ ಎರಡು ಎಂಬುದಕ್ಕೆ ಕೂಗಾಟ, ಆಣೆ, ತೀರಿಹೋದವರ ಸಾಕ್ಷಿ. ಹಿಂದಿನ ಸಾಲಿನಲ್ಲಿ ನಿಂತ ನನಗೆ ಕುಣಿಯಬೇಕೆನಿಸುತ್ತಿತ್ತು. ಆಗ ಗಿರಿಜಕ್ಕ ಎದ್ದರು. "ಹಳಿ ಸಂಕ ಎಲ್ಲ್ ಬೇಕಾರೂ ಇದ್ದಿರ್ಲಿ. ಹೊಸ್ದ್ ಎಲ್ಲ್ ಕಟ್ಟೂದ್? ಅದ್ ಹೇಳಿ ಕಾಂಬ."

ಇದ್ದ ಸಂಕವೇ ಹೋಗಿದೆ ಎಂದು ತಾವೇ ಹೇಳಿದ ಮೇಲೆ ಹೊಸದು ಬೇಡ ಎನ್ನುವುದು ಹೇಗೆ? ಸೀನಣ್ಣ ಹೇಳಿದಲ್ಲೂ ಬೇಡ, ಮಂಜಣ್ಣ ಹೇಳಿದಲ್ಲೂ ಬೇಡ, ನಡುವೆ ಆಗಲಿ ಎಂದು ಸಭೆಯೇ ಕೈಯೆತ್ತಿತು.

ಹೊರಗೆ ಬಂದು, ಹಳೆಯ ಸಂಕ ಮರದ್ದೋ ಕಲ್ಲಿನದ್ದೋ ಎಂದು ಗಿರಿಜಕ್ಕನನ್ನು ಕೇಳಿದೆ.

"ಎಂತ ಸಂಕ? ಅಲ್ಲ್ ಯಾವತ್ತೂ ಇರ್ಲಿಲ್ಲೆ ಮಾರಾಯ್ರೆ," ಎಂದು ಬುಟ್ಟಿ ತಲೆಗೇರಿಸಿದರು. "ಸಂಕ ಬೇಕ್ ಅಂದ್ರೆ ಸಭಿಗೆ ಯಾರೂ ಬತ್ತಿಲ್ಲೆ. ಇದ್ದಿತ್ತ್ ಅಂದ್ರೆ ಎಲ್ಲರೂ ಬತ್ರ್."

ಈಗ ಹೊಳೆಯಲ್ಲಿ ಕಂಬ ಏಳುತ್ತಿದೆ. ಮೊನ್ನೆ ನೋಡಲು ಹೋದವನು ಇಂಜಿನಿಯರರೊಂದಿಗೆ ಮಾತಿಗಿಳಿದೆ. ಚಿಕ್ಕಂದಿನಲ್ಲಿ ಹಳೆಯ ಸಂಕದ ಮೇಲಿಂದ ನನ್ನದೊಂದು ಚಪ್ಪಲಿ ನೀರಿಗೆ ಬಿದ್ದುಹೋದದ್ದನ್ನು ಬಹಳ ಚೆನ್ನಾಗಿ ವರ್ಣಿಸಿದೆ. ನೀಲಿ ಬಾರಿನ ಚಪ್ಪಲಿ. ಬೇಕಾದರೆ ಆಣೆ ಹಾಕುತ್ತೇನೆ.